ಕೇಳಿ ನಡೆಯುವುದು: ದಿನನಿತ್ಯದ ನಿರ್ಧಾರಗಳಲ್ಲಿ ಪ್ರಾರ್ಥನೆ ಮತ್ತು ಹಿರಿಯರ ಮಾತು



ಧರ್ಮಸಂಕಟ ಎಂದೊಡನೆ ನಮಗೆ ನೆನಪಾಗುವುದು ಪುರಾಣದ ದೊಡ್ಡ ಸಂದರ್ಭಗಳು. ದ್ಯೂತಸಭೆಯಲ್ಲಿ ಭೀಷ್ಮರು ಸುಮ್ಮನೆ ಕುಳಿತದ್ದು ಸರಿಯೆ, ವಿಭೀಷಣ ಅಣ್ಣನನ್ನು ಬಿಟ್ಟು ಹೋದದ್ದು ತಪ್ಪೆ ಎಂದು ತಲೆಮಾರುಗಳಿಂದ ವಾದಿಸುತ್ತ ಬಂದಿದ್ದೇವೆ. ತಾಳಮದ್ದಳೆಯ ಅರ್ಥಧಾರಿಗಳು ಇವುಗಳಲ್ಲಿ ಒಂದನ್ನೇ ಹಿಡಿದು ರಾತ್ರಿಯಿಡೀ ಮಾತು ಬೆಳೆಸಬಲ್ಲರು. ಆದರೆ ನಮ್ಮ ನಿಮ್ಮ ಬದುಕು ರೂಪುಗೊಳ್ಳುವುದು ಬೇರೆ ಬಗೆಯ ಪ್ರಶ್ನೆಗಳಲ್ಲಿ. ಮಗಳಿಗೆ ಬಂದ ಸಂಬಂಧಕ್ಕೆ ಹೂಂ ಅನ್ನಬೇಕೆ? ಸಿಇಟಿಯಲ್ಲಿ ಸಿಕ್ಕ ಸೀಟನ್ನು ಉಳಿಸಿಕೊಳ್ಳಬೇಕೆ, ಮುಂದಿನ ಸುತ್ತಿಗೆ ಕಾಯಬೇಕೆ? ಊರಿನ ಎರಡು ಎಕರೆ ಮಾರಿ ಪೇಟೆಯಲ್ಲಿ ಸೈಟು ಕೊಳ್ಳಬಹುದೆ? ಮಾತು ಬಿಟ್ಟ ಅಣ್ಣನ ಮನೆಗೆ ಈ ಹಬ್ಬಕ್ಕೆ ನಾನೇ ಮೊದಲು ಹೋಗಲೆ? ಇವುಗಳಿಗೆ ಮಹಾಕಾವ್ಯ ಹುಟ್ಟುವುದಿಲ್ಲ. ಆದರೆ ಮನೆಗಳು ನಿಲ್ಲುವುದೂ ಒಡೆಯುವುದೂ ಇವುಗಳಿಂದಲೇ.

ಇಂಥ ಹೊತ್ತಿನಲ್ಲಿ ನಮ್ಮ ಜನ ಎರಡು ಕಡೆ ಮುಖ ಮಾಡುತ್ತಾರೆ. ಒಂದು ದೇವರ ಕಡೆ, ಇನ್ನೊಂದು ತಿಳಿದವರ ಕಡೆ. ಈ ಎರಡರ ಬಗ್ಗೆಯೂ ನನಗೆ ಗೌರವವಿದೆ. ಇವತ್ತು ನಾನು ಮಂಡಿಸುವ ವಾದ ಇಷ್ಟು: ಪ್ರಾರ್ಥನೆಯಾಗಲಿ ಸಲಹೆಯಾಗಲಿ ನಮ್ಮ ಪರವಾಗಿ ನಿರ್ಧಾರ ಮಾಡಿಕೊಡುವುದಿಲ್ಲ, ಮಾಡಿಕೊಡಲೂ ಬಾರದು. ಅವುಗಳ ಕೆಲಸವೆಲ್ಲ ನಡೆಯಬೇಕಾದದ್ದು ಕೇಳುವವರ ಮನಸ್ಸಿನೊಳಗೆ. ಅಲ್ಲಿ ಆಸೆಯ ಹಿಡಿತವನ್ನು ಸ್ವಲ್ಪ ಸಡಿಲಿಸಿ, ಎದುರಿಗಿರುವುದನ್ನು ಇದ್ದ ಹಾಗೆ ನೋಡುವ ಶಕ್ತಿ ಕೊಟ್ಟರೆ ಅವು ಸಾರ್ಥಕ.

ಬಹಳ ಹಳೆಯ ಒಂದು ಮಾತಿನಿಂದ ಹೊರಡೋಣ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಓದು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರು ಹೇಳುವ ಮಾತುಗಳಿವೆ. ಸತ್ಯ ನುಡಿ, ಧರ್ಮದಲ್ಲಿ ನಡೆ ಎಂಬ ಭಾಗ ಎಲ್ಲರಿಗೂ ಗೊತ್ತು, ಶಾಲೆಯ ಗೋಡೆಗಳ ಮೇಲೆ ಬರೆದಿರುತ್ತದೆ. ಅದರ ಮುಂದಿನ ಭಾಗ ಗೋಡೆಗೆ ಬಂದಿಲ್ಲ. ಅಲ್ಲಿ ಗುರು ಎರಡು ವಿಷಯ ಹೇಳುತ್ತಾನೆ. ನಮ್ಮ ನಡತೆಯಲ್ಲಿ ಒಳ್ಳೆಯದಾಗಿ ಇರುವುದನ್ನು ಮಾತ್ರ ಅನುಸರಿಸು, ಉಳಿದದ್ದನ್ನು ಬಿಡು ಎಂಬುದು ಒಂದು. ತನ್ನಲ್ಲೂ ಬಿಡತಕ್ಕದ್ದು ಇದೆ ಎಂದು ಶಿಷ್ಯನ ಎದುರು ಒಪ್ಪಿಕೊಳ್ಳುವ ಗುರು ಆತ. ಇನ್ನೊಂದು, ಮುಂದೆ ಯಾವಾಗಲಾದರೂ ಏನು ಮಾಡಬೇಕು, ಹೇಗೆ ನಡೆಯಬೇಕು ಎಂಬ ಸಂಶಯ ಬಂದರೆ ಆಗ ಅಲ್ಲಿರುವ ವಿಚಾರವಂತರು ಹೇಗೆ ನಡೆಯುತ್ತಾರೋ ನೋಡಿ ಹಾಗೆ ನಡೆ. ಆ ವಿಚಾರವಂತರ ಲಕ್ಷಣವನ್ನೂ ಹೇಳುತ್ತಾನೆ. ಅವರು ಕೂಡಿ ಯೋಚಿಸಬಲ್ಲವರು, ಕೆಲಸದಲ್ಲಿ ತೊಡಗಿದವರು, ಇನ್ನೊಬ್ಬರ ಪ್ರೇರಣೆಗೆ ಕುಣಿಯದವರು, ಧರ್ಮವನ್ನು ಬಯಸುವವರು. ಜೊತೆಗೆ ಒರಟರಲ್ಲದವರು.

ಈ ಕೊನೆಯ ಲಕ್ಷಣ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸಿದೆ. ಸಲಹೆಗಾರನಿಗೆ ವಿದ್ಯೆ ಬೇಕು, ಅನುಭವ ಬೇಕು ಎಂದು ಯಾರಾದರೂ ಹೇಳಿಯಾರು. ಮೃದುತ್ವವೂ ಬೇಕು ಎಂದು ಹೇಳಲು ಮನುಷ್ಯರ ಕಷ್ಟ ತಿಳಿದಿರಬೇಕು. ಸಂಶಯದಲ್ಲಿ ಇರುವವರು ಆಗಲೇ ಅರ್ಧ ಕುಗ್ಗಿರುತ್ತಾರೆ. ಒರಟಾದ ಬಾಯಿಂದ ಬಂದರೆ ಸರಿಯಾದ ಸಲಹೆಯೂ ಅವರನ್ನು ಪೂರ್ತಿ ಕುಗ್ಗಿಸುತ್ತದೆ. ಕುಗ್ಗಿದ ಮನಸ್ಸು ತೆಗೆದುಕೊಳ್ಳುವುದು ನಿರ್ಧಾರವಲ್ಲ, ಶರಣಾಗತಿ. ಇನ್ನೂ ಒಂದು ಗಮನಿಸಿ. ಗುರು ಶಿಷ್ಯನಿಗೆ ಮತ್ತೆ ಆಶ್ರಮಕ್ಕೆ ಬಂದು ನನ್ನನ್ನು ಕೇಳು ಎಂದು ಹೇಳಲಿಲ್ಲ. ನೀನು ಇರುವ ಕಡೆ ಇರುವವರನ್ನು ನೋಡು ಎಂದ. ಆ ಊರಿನ ಮಳೆ, ಬೆಳೆ, ಜಗಳ, ಸಾಲ ಬಲ್ಲವರು ಅವರೇ. ಪಠ್ಯ ಹೇಳುವುದು ಬ್ರಾಹ್ಮಣರ ವಿಷಯ ಎಂಬುದನ್ನು ನಾನು ಮರೆಮಾಚುವುದಿಲ್ಲ. ಆ ಬೇಲಿ ನಮ್ಮ ನಾಡಿನಲ್ಲಿ ಹೇಗೆ ಮುರಿಯಿತು ಎಂಬಲ್ಲಿಗೆ ಆಮೇಲೆ ಬರುತ್ತೇನೆ.

ಧರ್ಮಶಾಸ್ತ್ರಕಾರರು ಧರ್ಮದ ಮೂಲಗಳನ್ನು ಎಣಿಸುವಾಗ ಶ್ರುತಿ, ಸ್ಮೃತಿ, ಸಜ್ಜನರ ಆಚಾರ ಇಷ್ಟು ಹೇಳಿ, ಕೊನೆಯಲ್ಲಿ ಆತ್ಮಕ್ಕೆ ಆಗುವ ತೃಪ್ತಿಯನ್ನೂ ಸೇರಿಸಿದರು. ಒಳಗಿನ ಒಪ್ಪಿಗೆಗೆ ಜಾಗ ಕೊಟ್ಟರು, ಆದರೆ ಕೊನೆಯ ಜಾಗ. ಯಾಕೆ ಎಂಬುದಕ್ಕೆ ಕಾಳಿದಾಸನ ನಾಟಕ ಒಳ್ಳೆಯ ಉದಾಹರಣೆ. ಬಸವಪ್ಪ ಶಾಸ್ತ್ರಿಗಳ ಕಾಲದಿಂದ ಕನ್ನಡಿಗರು ಕನ್ನಡದಲ್ಲೇ ಓದುತ್ತ ಬಂದ ಶಾಕುಂತಲದಲ್ಲಿ ದುಷ್ಯಂತ ಶಕುಂತಲೆಯನ್ನು ಕಂಡೊಡನೆ ಅವಳು ತನಗೆ ತಕ್ಕವಳು ಎಂಬುದಕ್ಕೆ ತನ್ನ ಮನಸ್ಸು ಒಲಿದದ್ದನ್ನೇ ಪ್ರಮಾಣವಾಗಿ ಹಿಡಿಯುತ್ತಾನೆ. ಸಂಶಯ ಬಂದಲ್ಲಿ ಸಜ್ಜನರ ಅಂತಃಕರಣವೇ ಪ್ರಮಾಣ ಎಂಬುದು ಅವನ ತರ್ಕ. ಅವನ ಊಹೆ ಆ ಸಲ ಸರಿಯಾಯಿತು. ಆದರೆ ಕಣ್ವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಯಾರನ್ನೂ ಕೇಳದೆ, ಮನಸ್ಸಿನ ಒಲವನ್ನೇ ಧರ್ಮವೆಂದು ನಂಬಿ ಕಟ್ಟಿದ ಸಂಬಂಧಕ್ಕೆ ಮುಂದೆ ಸಾಕ್ಷಿಯೇ ಇಲ್ಲದೆ ಹೋಯಿತು. ರಾಜನ ಎದುರು ಅವಮಾನ ಉಂಡವಳು ಶಕುಂತಲೆ.

ಇನ್ನು ನಮ್ಮ ಗುಡಿಗಳ ಕಡೆ ಬರೋಣ. ದೇವರಲ್ಲಿ ಹೂ ಕೇಳುವ, ಪ್ರಸಾದ ಕೇಳುವ ರೂಢಿ ಕರಾವಳಿ, ಮಲೆನಾಡು, ಬಯಲುಸೀಮೆ ಎನ್ನದೆ ನಾಡಿನ ಉದ್ದಗಲಕ್ಕೂ ಇದೆ. ಅರ್ಚಕರು ಮೂರ್ತಿಯ ಮೇಲೆ ಹೂ ಇಡುತ್ತಾರೆ. ಮನಸ್ಸಿನಲ್ಲಿ ಕೇಳಿಕೊಳ್ಳಿ ಅನ್ನುತ್ತಾರೆ. ಮನೆಯವರು ಕೈಮುಗಿದು ನಿಲ್ಲುತ್ತಾರೆ. ಬಲಗಡೆಯ ಹೂ ಬಿದ್ದರೆ ದೇವರು ಒಪ್ಪಿದ, ಎಡಗಡೆಯದು ಬಿದ್ದರೆ ಬೇಡ ಎಂದ. ಹೊನ್ನಾವರ ತಾಲ್ಲೂಕಿನ ಇಡಗುಂಜಿಯಲ್ಲಿ ಮದುವೆಯ ಮಾತುಕತೆ ಮುಗಿಸಿದ ಎರಡು ಮನೆಯವರು ಗಣಪತಿಯ ಎರಡು ಪಾದಗಳ ಮೇಲೆ ಚೀಟಿ ಇಡಿಸಿ, ಬಲಪಾದದ ಚೀಟಿ ಮೊದಲು ಬಿದ್ದರೆ ಸಂಬಂಧ ಮುಂದುವರಿಸುವ ಪದ್ಧತಿ ಒಂದು ಸಮುದಾಯದಲ್ಲಿದೆ. ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕ್ರಮ. ಮೊದಲು ಮನುಷ್ಯರು ಕೂತು ಮಾತಾಡಿ ಮುಗಿಸಿದ್ದಾರೆ, ಆಮೇಲೆ ದೇವರ ಹತ್ತಿರ ಬಂದಿದ್ದಾರೆ. ವಿಚಾರಿಸಬೇಕಾದದ್ದನ್ನು ವಿಚಾರಿಸದೆ, ಹುಡುಗನ ಕುಡಿತದ ಸುದ್ದಿ ಕಿವಿಗೆ ಬಿದ್ದರೂ ಬಿಟ್ಟು, ಎಲ್ಲ ಭಾರವನ್ನೂ ಒಂದು ಎಸಳಿನ ಮೇಲೆ ಹೊರಿಸುವವರಿಗೂ ಇವರಿಗೂ ಬಹಳ ಅಂತರ.

ಆ ಹೂವಿನ ಎದುರು ನಿಂತವರ ಮುಖ ನೋಡಬೇಕು. ಗಳಿಗೆಗಳು ಕಳೆದ ಹಾಗೆ ಕಣ್ಣು ತಾನಾಗಿ ಒಂದು ಕಡೆಗೆ ಹೋಗುತ್ತದೆ. ಈ ಕಡೆಯದು ಬೀಳಲಿ ಎಂದು ಒಳಗೆ ಯಾರೋ ಹೇಳುತ್ತಿರುತ್ತಾರೆ. ಬಿದ್ದದ್ದು ಇನ್ನೊಂದು ಕಡೆಯದಾದರೆ ಇನ್ನೊಮ್ಮೆ ಕೇಳೋಣವೆ ಎನ್ನುವ ಮಾತು ಬಾಯಿಗೆ ಬರುತ್ತದೆ. ನನ್ನ ದೃಷ್ಟಿಯಲ್ಲಿ ನಿಜವಾದ ಉತ್ತರ ಸಿಕ್ಕಿದ್ದು ಅಲ್ಲಿ. ತನಗೆ ಏನು ಬೇಕಾಗಿತ್ತು ಎಂಬುದು ಕೇಳಿದವರಿಗೆ ಈಗ ಗೊತ್ತಾಯಿತು. ಅದು ಒಳ್ಳೆಯ ಆಸೆಯೋ ಅಲ್ಲವೋ ಎಂದು ತೂಗುವ ಕೆಲಸ ಇನ್ನು ಶುರುವಾಗಬೇಕು. ಗುಡಿಯಿಂದ ಹಿಂದಿರುಗುವ ದಾರಿಯಲ್ಲಿ ಗಂಡ ಹೆಂಡತಿ ಆ ಮಾತು ಎತ್ತಿಕೊಂಡರೆ ಪ್ರಸಾದ ಫಲ ಕೊಟ್ಟಿತು ಎಂದು ನಾನು ನಂಬುತ್ತೇನೆ.

ಡಾ. ಎಚ್. ನರಸಿಂಹಯ್ಯನವರು ಇದನ್ನು ಒಪ್ಪುತ್ತಿರಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ ಅವರು, ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಎಂಬ ತತ್ವವನ್ನು ಬದುಕಿನುದ್ದಕ್ಕೂ ಹೇಳಿದರು. ಅವರ ಆಕ್ಷೇಪಕ್ಕೆ ಇಂದಿಗೂ ಬೆಲೆಯಿದೆ. ಹೂ ಬೀಳುವುದಕ್ಕೆ ತೇವ, ತೂಕ, ಗಾಳಿ ಕಾರಣ ಎನ್ನುವವರ ಜೊತೆ ನನಗೆ ಜಗಳವಿಲ್ಲ. ಭಯದಲ್ಲಿರುವ ಜನರಿಂದ ಹಣ ಕೀಳುವವರು ಇದೇ ಬಾಗಿಲಿನಿಂದ ಒಳಗೆ ಬರುತ್ತಾರೆ ಎಂಬುದೂ ನಿಜ. ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯಲು ನಮ್ಮ ರಾಜ್ಯವೇ 2017ರಲ್ಲಿ ಕಾಯಿದೆ ಮಾಡಬೇಕಾಯಿತು. ಇದಕ್ಕಿಂತ ಎಂಟು ಶತಮಾನಗಳ ಹಿಂದೆ ಬಸವಣ್ಣನವರು ಲಗ್ನ, ತಾರಾಬಲ ನೋಡಿಕೊಂಡು ಒದ್ದಾಡುವವರಿಗೆ, ನಮ್ಮವರು ಕೇಳಿದರೆ ಎಲ್ಲ ಲಗ್ನವೂ ಶುಭವೆಂದೇ ಹೇಳಿ ಎಂಬ ಅರ್ಥದ ವಚನ ನುಡಿದರು. ನಂಬಿಕೆಯ ಒಳಗೆ ನಿಂತೇ ಭಯವನ್ನು ಹೊರಗೆ ಹಾಕಿದ ಕ್ರಮ ಅದು. ನನ್ನ ವಾದಕ್ಕೆ ಅದು ಹತ್ತಿರ.

ಕೇಳುವವರ ಮನಸ್ಸೇ ಮುಖ್ಯ ಎಂದೆ. ಅದಕ್ಕೆ ಮಹಾಭಾರತದ ಉದ್ಯೋಗಪರ್ವಕ್ಕಿಂತ ದೊಡ್ಡ ಸಾಕ್ಷಿ ಬೇಡ. ಸಂಜಯ ಪಾಂಡವರಲ್ಲಿಗೆ ಹೋಗಿ ಬಂದಿದ್ದಾನೆ, ಏನು ಸುದ್ದಿ ತಂದನೆಂದು ಇನ್ನೂ ಹೇಳಿಲ್ಲ. ಧೃತರಾಷ್ಟ್ರನಿಗೆ ನಿದ್ದೆ ಹತ್ತದು. ವಿದುರನನ್ನು ಕರೆಸುತ್ತಾನೆ. ಆ ಇರುಳೆಲ್ಲ ವಿದುರ ಹೇಳಿದ ಮಾತುಗಳೇ ವಿದುರನೀತಿ. ಕುಮಾರವ್ಯಾಸನ ಓದುಗರಾದ ನಮಗೆ ಅದು ಹೊಸದಲ್ಲ. ನಿದ್ದೆ ಬಾರದಿರುವುದು ಯಾರಿಗೆ ಎಂಬಲ್ಲಿಂದಲೇ ವಿದುರ ಶುರುಮಾಡುತ್ತಾನೆ. ಪರರ ಸೊತ್ತಿನ ಮೇಲೆ ಕಣ್ಣಿಟ್ಟವನ ಹೆಸರೂ ಆ ಪಟ್ಟಿಯಲ್ಲಿದೆ. ಧೃತರಾಷ್ಟ್ರ ಕೇಳುತ್ತಾನೆ, ಮೆಚ್ಚುತ್ತಾನೆ, ಇನ್ನೂ ಹೇಳು ಅನ್ನುತ್ತಾನೆ. ಕೊನೆಗೆ, ನೀನು ಹೇಳುವುದೆಲ್ಲ ನಿಜ, ನನ್ನ ಬುದ್ಧಿಯೂ ಪಾಂಡವರ ಕಡೆಗೇ ಇದೆ, ಆದರೆ ದುರ್ಯೋಧನನನ್ನು ಕಂಡೊಡನೆ ಅದು ತಿರುಗಿಬಿಡುತ್ತದೆ ಎಂದು ಒಪ್ಪಿಕೊಳ್ಳುತ್ತಾನೆ. ವಿಧಿಯೇ ದೊಡ್ಡದು ಎಂದು ಮಾತು ಮುಗಿಸುತ್ತಾನೆ.

ಶ್ರೋತೃಗಳೆ, ಆ ರಾಜನಿಗೆ ಸಲಹೆಯ ಕೊರತೆ ಇರಲಿಲ್ಲ. ವಿದುರ ಅರಮನೆಯಲ್ಲೇ ಇದ್ದ, ಋಷಿ ಸನತ್ಸುಜಾತರೂ ಅದೇ ರಾತ್ರಿ ಬಂದರು. ಅವನು ಬಯಸಿದ್ದು ನಿದ್ದೆ. ಒಳ್ಳೆಯ ಮಾತು ಕೇಳಿದ ಸಮಾಧಾನದಲ್ಲಿ ಕೆಟ್ಟ ನಿರ್ಧಾರವನ್ನು ಹಾಗೇ ಇಟ್ಟುಕೊಳ್ಳುವ ಈ ಅಪಾಯ ನಮ್ಮೆಲ್ಲರಿಗೂ ಇದೆ. ಪ್ರವಚನಕ್ಕೆ ತಪ್ಪದೆ ಹೋಗುವವರು, ಆಶೀರ್ವಚನವನ್ನು ಭಕ್ತಿಯಿಂದ ಕೇಳುವವರು, ಮರುದಿನ ತಮ್ಮನ ಪಾಲಿನ ಪತ್ರಕ್ಕೆ ಸಹಿ ಹಾಕದೆ ಸತಾಯಿಸುವುದನ್ನು ನಾವು ಊರೂರಲ್ಲಿ ಕಂಡಿದ್ದೇವೆ.

ಹಾಗಾದರೆ ಆಸೆಯ ಹಿಡಿತ ಸಡಿಲಿಸಿಕೊಂಡು ಕೇಳುವುದು ಹೇಗೆ? ಇದನ್ನು ಕ್ರಮಬದ್ಧವಾಗಿ ಯೋಚಿಸಿದ ಎರಡು ಪರಂಪರೆಗಳು ನಮ್ಮ ನಾಡಿನಲ್ಲೇ ನಮ್ಮ ನೆರೆಹೊರೆಯವರ ಬದುಕಿನಲ್ಲಿವೆ.

ಮುಸ್ಲಿಮರಲ್ಲಿ ಇಸ್ತಿಖಾರಾ ಎಂಬ ಪ್ರಾರ್ಥನೆಯಿದೆ. ಮದುವೆ, ವ್ಯಾಪಾರ, ಪ್ರಯಾಣ, ಯಾವುದೇ ನಿರ್ಧಾರದ ಮುಂಚೆ ಕಡ್ಡಾಯದ ನಮಾಜಿನ ಹೊರತಾಗಿ ಎರಡು ರಕಅತ್ ನಮಾಜು ಮಾಡಿ ಈ ಪ್ರಾರ್ಥನೆ ಸಲ್ಲಿಸುತ್ತಾರೆ. ಪ್ರವಾದಿಯವರು ಇದನ್ನು ಕುರ್‌ಆನಿನ ಅಧ್ಯಾಯವನ್ನು ಕಲಿಸುವಷ್ಟೇ ಶ್ರದ್ಧೆಯಿಂದ, ಎಲ್ಲ ವಿಷಯಗಳಿಗೂ ಅನ್ವಯಿಸುವಂತೆ ಕಲಿಸುತ್ತಿದ್ದರು ಎಂದು ಹದೀಸ್ ಸಂಗ್ರಹಗಳು ಹೇಳುತ್ತವೆ. ಪ್ರಾರ್ಥನೆಯ ಆಶಯ ಹೀಗಿದೆ: ನೀನು ಬಲ್ಲೆ, ನಾನರಿಯೆ. ಈ ಕೆಲಸ ನನ್ನ ಧರ್ಮಕ್ಕೆ, ಬದುಕಿಗೆ, ಕೊನೆಯ ಗತಿಗೆ ಒಳ್ಳೆಯದಾದರೆ ಅದನ್ನು ನನಗೆ ಸುಲಭ ಮಾಡು. ಕೆಟ್ಟದಾದರೆ ಅದನ್ನು ನನ್ನಿಂದ ತಿರುಗಿಸು, ನನ್ನನ್ನೂ ಅದರಿಂದ ತಿರುಗಿಸು. ಒಳ್ಳೆಯದು ಎಲ್ಲಿದ್ದರೂ ಅದನ್ನೇ ಕೊಡು, ಅದರಲ್ಲಿ ನನಗೆ ತೃಪ್ತಿಯನ್ನೂ ಕೊಡು. ಕೆಲಸವನ್ನು ಮಾತ್ರ ತಿರುಗಿಸಿ ಮನಸ್ಸು ಅಲ್ಲೇ ಸಿಕ್ಕಿಕೊಂಡಿದ್ದರೆ ಬಾಳೆಲ್ಲ ಹಳಹಳಿಕೆ. ಆದ್ದರಿಂದ ಎರಡನ್ನೂ ಕೇಳುವುದು. ರಾತ್ರಿ ಕನಸು ಬಿದ್ದು ಉತ್ತರ ಸಿಗುತ್ತದೆ ಎಂಬ ನಂಬಿಕೆ ಜನರಲ್ಲಿದೆ. ವಿದ್ವಾಂಸರು ಕನಸು ಬೇಕಿಲ್ಲ ಅನ್ನುತ್ತಾರೆ. ಪ್ರಾರ್ಥಿಸಿದ ಮೇಲೆ ವಿಚಾರ ಮಾಡಿ, ತಿಳಿದವರೊಡನೆ ಸಮಾಲೋಚಿಸಿ, ಹೆಜ್ಜೆ ಇಡುವುದಷ್ಟೇ ಅವರ ದಾರಿ. ಕುರ್‌ಆನಿನ ಒಂದು ಅಧ್ಯಾಯಕ್ಕೆ ಸಮಾಲೋಚನೆ ಎಂಬ ಅರ್ಥದ ಹೆಸರೇ ಇದೆ.

ಇನ್ನೊಂದು ಪರಂಪರೆ ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದ ಜೆಸುಯಿಟ್ ಪಾದ್ರಿಗಳದು. ಅವರ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ಸ್ಪೇನಿನ ಯೋಧ. 1521ರಲ್ಲಿ ಪಾಂಪ್ಲೋನಾದಲ್ಲಿ ಫಿರಂಗಿಯ ಗುಂಡು ತಗಲಿ ಕಾಲು ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ವೀರರ ಪ್ರಣಯಕಥೆಗಳನ್ನು ಕೇಳಿದರೆ ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು. ಮಲಗಿದಲ್ಲೇ ಅವನು ಒಂದು ಸೂಕ್ಷ್ಮ ಗಮನಿಸಿದ. ರಾಜಸಭೆ, ಯುದ್ಧ, ಪ್ರೇಯಸಿಯ ಕನಸು ಕಾಣುವಾಗಲೂ ಹಿತ, ಸಂತರಂತೆ ಬದುಕುವ ಯೋಚನೆ ಮಾಡುವಾಗಲೂ ಹಿತ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತದೆ, ಎರಡನೆಯದು ಮುಗಿದ ಮೇಲೂ ಪ್ರಸನ್ನವಾಗಿಯೇ ಉಳಿಯುತ್ತದೆ. ಆ ಹೊತ್ತಿನ ಹಿತವನ್ನು ನಂಬದೆ ಅದರ ಹಿಂದೆ ಉಳಿಯುವುದನ್ನು ನೋಡುವ ಈ ಪಾಠದ ಮೇಲೆ ಅವನ ಆಧ್ಯಾತ್ಮಿಕ ಸಾಧನೆಯ ಕೈಪಿಡಿ ನಿಂತಿದೆ. 1548ರಲ್ಲಿ ಪೋಪ್ ಅದಕ್ಕೆ ಒಪ್ಪಿಗೆ ಕೊಟ್ಟರು.

ಆ ಕೈಪಿಡಿ ಹೇಳುವ ಕೆಲವು ಉಪಾಯಗಳು ಯಾವ ಮತದವರಿಗೂ ಸಲ್ಲುತ್ತವೆ. ನೀವು ಎಂದೂ ಕಾಣದ ಒಬ್ಬ ವ್ಯಕ್ತಿ, ಅವರಿಗೆ ಒಳ್ಳೆಯದಾಗಲಿ ಎಂದಷ್ಟೇ ನಿಮ್ಮ ಬಯಕೆ, ಅವರು ಇದೇ ಪ್ರಶ್ನೆ ತಂದರೆ ಏನು ಹೇಳುತ್ತೀರಿ? ಸಾಯುವ ಹೊತ್ತಿನಲ್ಲಿ ನಿಂತು ನೋಡಿದರೆ ಇವತ್ತು ಯಾವುದನ್ನು ಆರಿಸಿದ್ದರೆ ಒಳ್ಳೆಯದಿತ್ತು ಅನ್ನಿಸುತ್ತದೆ? ನನಗೆ ಎಲ್ಲಕ್ಕಿಂತ ಉಪಯುಕ್ತವಾಗಿ ಕಂಡದ್ದು ಇನ್ನೊಂದು ಮಾತು: ಮನಸ್ಸು ಕತ್ತಲೆಯಲ್ಲಿರುವಾಗ, ಬೆಳಕಿನಲ್ಲಿ ಮಾಡಿದ ನಿರ್ಧಾರವನ್ನು ಬದಲಿಸಬೇಡಿ. ಕೆಲಸ ಬಿಡುವ ಪತ್ರಗಳು, ಸಂಬಂಧ ಕಡಿಯುವ ಮಾತುಗಳು ಹೆಚ್ಚಾಗಿ ಹುಟ್ಟುವುದು ಇಂಥ ಕತ್ತಲೆಯಲ್ಲಿಯೇ. ಸಿಟ್ಟಿನಲ್ಲಿ ಕೊಯ್ದ ಮೂಗಿನ ಗಾದೆಯನ್ನು ಕಟ್ಟಿದ ನಮ್ಮ ಜನರಿಗೂ ಇದು ತಿಳಿದಿತ್ತು.

ಒಳದನಿಯ ಹೆಸರು ಹೇಳಿ ಏನನ್ನಾದರೂ ಮಾಡಿಬಿಡಬಹುದೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. 1933ರ ಮೇ ತಿಂಗಳಲ್ಲಿ ಗಾಂಧೀಜಿ 21 ದಿನಗಳ ಉಪವಾಸ ಕೈಗೊಂಡಾಗ ಅದು ಒಳದನಿಯ ಆದೇಶ ಎಂದರು. ಆದರೆ ಹಾಗೆ ಹೇಳಿಕೊಳ್ಳಲು ದೀರ್ಘಕಾಲದ ಸಂಯಮದ ಸಾಧನೆ ಬೇಕು, ಎಲ್ಲರೂ ಅದರ ಹಕ್ಕು ಸಾಧಿಸಲಾಗದು ಎಂದೂ ಸ್ಪಷ್ಟಪಡಿಸಿದರು. ತರುಣ ಗಾಂಧಿ ದಕ್ಷಿಣ ಆಫ್ರಿಕಾದಲ್ಲಿ ಧರ್ಮದ ವಿಷಯದಲ್ಲಿ ಗೊಂದಲಕ್ಕೆ ಬಿದ್ದಾಗ ಜೈನ ಚಿಂತಕ ರಾಯಚಂದಭಾಯಿಯವರಿಗೆ ಪ್ರಶ್ನೆಗಳನ್ನು ಪತ್ರದಲ್ಲಿ ಬರೆದು ಕಳಿಸಿದ್ದರು. ಉತ್ತರಗಳಿಂದ ಬಹಳ ನೆಮ್ಮದಿ ಪಡೆದರು. ಆದರೂ ಅವರನ್ನು ಗುರುಪೀಠದಲ್ಲಿ ಕೂರಿಸಲಿಲ್ಲ. ಕೇಳುವ ವಿನಯ, ತೀರ್ಮಾನದ ಹೊಣೆ ಎರಡೂ ಒಬ್ಬರಲ್ಲೇ ಇರಬಹುದು ಎಂಬುದಕ್ಕೆ ಇದು ನಿದರ್ಶನ.

ಉಪನಿಷತ್ತಿನ ಬೇಲಿಯ ಮಾತಿಗೆ ಬರುತ್ತೇನೆ. ಅದು ಮುರಿದದ್ದು ಕಲ್ಯಾಣದಲ್ಲಿ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದವರು. ಶೂನ್ಯಸಂಪಾದನೆಯ ಕಥನದಲ್ಲಿ ಮಾರಯ್ಯ ಒಂದು ಸಲ ಅಲ್ಲಮಪ್ರಭುಗಳ ಜೊತೆ ಅನುಭಾವದ ಮಾತಿನಲ್ಲಿ ಮೈಮರೆಯುತ್ತಾನೆ. ಕಾಯಕಕ್ಕೆ ಹೊತ್ತು ಮೀರಿತು ಎಂದು ಅವನನ್ನು ಎಬ್ಬಿಸುವವಳು ಲಕ್ಕಮ್ಮ. ಅವಸರದಲ್ಲಿ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿ ಬಳಿದು ತಂದಾಗ ಅವಳ ಕಣ್ಣು ಮೊದಲು ಹೋದದ್ದು ಅಕ್ಕಿಯ ಅಳತೆಗೆ. ಇದು ನಿತ್ಯದ ಅಕ್ಕಿಯಲ್ಲ, ಆಸೆ ರಾಜರಿಗೆ ಸರಿ, ಶಿವಭಕ್ತರಿಗೆ ಸಲ್ಲದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂಬುದು ಅವಳ ಮಾತಿನ ಸಾರ. ಮಾರಯ್ಯ ಹಿಂದಿರುಗಿ ಹೋಗಿ ಸುರಿದು ಬಂದ.

ಇಲ್ಲಿ ಪೀಠವಿಲ್ಲ, ಪಾಂಡಿತ್ಯವಿಲ್ಲ. ಸೇರೆರಡು ಸೇರು ಅಕ್ಕಿಯ ಪ್ರಶ್ನೆ. ಸಲಹೆ ಕೊಟ್ಟವಳು ಹೆಂಡತಿ, ಅದೂ ಒಪ್ಪೊತ್ತಿನ ಊಟಕ್ಕೆ ದುಡಿಯಬೇಕಾದ ಹೆಂಡತಿ. ಹೆಚ್ಚು ಅಕ್ಕಿ ಬಂದರೆ ಮೊದಲು ಅನುಕೂಲವಾಗುವುದು ಅವಳಿಗೇ. ತನ್ನ ಲಾಭಕ್ಕೆ ವಿರುದ್ಧವಾಗಿ ನುಡಿಯುವವರ ಸಲಹೆಗೆ ಇರುವ ತೂಕ ಬೇರೆ. ಯಾರನ್ನು ಕೇಳಬೇಕು ಎಂದು ಕಿರಿಯರು ಕೇಳಿದಾಗಲೆಲ್ಲ ನಾನು ಹೇಳುವುದು ಇದನ್ನೇ: ನಿಮ್ಮ ನಿರ್ಧಾರದಿಂದ ಕಮಿಷನ್ ಸಿಗುವವರನ್ನು ಕೊನೆಯಲ್ಲಿ ಕೇಳಿ. ಸೈಟಿನ ವಿಷಯದಲ್ಲಿ ದಲ್ಲಾಳಿಯನ್ನು, ಕೋರ್ಸಿನ ವಿಷಯದಲ್ಲಿ ಸೀಟು ಕೊಡಿಸುವ ಏಜೆಂಟನ್ನು, ಸಂಕಟದ ವಿಷಯದಲ್ಲಿ ಶಾಂತಿ ಮಾಡಿಸಿ ದಕ್ಷಿಣೆ ಪಡೆಯುವವರನ್ನು.

ನಮ್ಮ ಕೇಳುವ ಪದ್ಧತಿಯಲ್ಲಿ ಒಂದು ದೊಡ್ಡ ಕೊರತೆಯಿದೆ. ಅದನ್ನು ಹೇಳದೆ ಮುಗಿಸಿದರೆ ಅಪ್ರಾಮಾಣಿಕತೆಯಾದೀತು. ಮಗಳ ಮದುವೆಗೆ ಜೋಯಿಸರನ್ನು ಕೇಳುತ್ತೇವೆ, ಸೋದರಮಾವನನ್ನು ಕೇಳುತ್ತೇವೆ, ದೇವರಲ್ಲಿ ಹೂ ಕೇಳುತ್ತೇವೆ. ಮಗಳನ್ನು ಕೇಳುವುದು ಎಲ್ಲ ಮುಗಿದ ಮೇಲೆ, ಹೂಂ ಅಂತೀಯಲ್ಲ ಎಂಬ ದನಿಯಲ್ಲಿ. ಜಮೀನು ಮಾರುವಾಗ ಅದರಲ್ಲಿ ನಲವತ್ತು ವರ್ಷ ಕಳೆ ಕಿತ್ತ ತಾಯಿಯ ಹೆಬ್ಬೆಟ್ಟು ಬೇಕು, ಅಭಿಪ್ರಾಯ ಬೇಡ. ನಿರ್ಧಾರದ ಫಲ ಯಾರು ಉಣ್ಣಬೇಕೋ ಅವರನ್ನು ಹೊರಗಿಟ್ಟು ನಡೆಸುವ ಸಮಾಲೋಚನೆ ಎಷ್ಟು ಹಿರಿಯರಿದ್ದರೂ ಅಪೂರ್ಣ, ಎಷ್ಟು ಭಕ್ತಿಯಿದ್ದರೂ ಅನ್ಯಾಯ. ದೇವರನ್ನು ಕೇಳುವ ಮುಂಚೆ ಆ ವ್ಯಕ್ತಿಯನ್ನು ಕೇಳಿದ್ದೇವೆಯೆ ಎಂದು ಅರ್ಚಕರೇ ಒಮ್ಮೆ ವಿಚಾರಿಸುವ ಪದ್ಧತಿ ಬಂದರೆ ಎಷ್ಟು ಚೆನ್ನ ಎಂದು ನನಗೆ ಮನಸಾರೆ ಅನ್ನಿಸುತ್ತದೆ.

ಕೊನೆಯದಾಗಿ ಸಲಹೆ ಕೊಡುವವರ ಹೊಣೆ. ಗೀತೆಯ ಹದಿನೆಂಟನೆಯ ಅಧ್ಯಾಯದ ಕಡೆಯಲ್ಲಿ ಕೃಷ್ಣ ಅರ್ಜುನನಿಗೆ, ಹೇಳಬೇಕಾದ್ದನ್ನು ಹೇಳಿದ್ದೇನೆ, ಪೂರ್ತಿಯಾಗಿ ವಿಮರ್ಶಿಸಿ ನಿನಗೆ ತೋರಿದಂತೆ ಮಾಡು ಅನ್ನುತ್ತಾನೆ. ಆಮೇಲೂ ಪ್ರೀತಿಯಿಂದ ಇನ್ನಷ್ಟು ಹೇಳುತ್ತಾನೆ, ಶರಣು ಬಾ ಅನ್ನುತ್ತಾನೆ. ಆದರೆ ಆಯ್ಕೆಯನ್ನು ಕಿತ್ತುಕೊಳ್ಳುವುದಿಲ್ಲ. ನಾನು ಹೇಳಿದ ಮೇಲೆ ಮುಗಿಯಿತು ಎನ್ನುವ ಗುರುಗಳಿಗೂ ಯಜಮಾನರಿಗೂ ಇಲ್ಲಿ ನೋಡಬೇಕಾದ್ದಿದೆ. ಹಾಗೆ ಬಿಟ್ಟುಕೊಟ್ಟ ಕೃಷ್ಣ ಮುಂದಿನ ಹದಿನೆಂಟು ದಿನವೂ ಅದೇ ರಥದ ಲಗಾಮು ಹಿಡಿದಿದ್ದ. ನಮ್ಮಲ್ಲಿ ಸಂಬಂಧ ಕೂಡಿಸಿದ ಹಿರಿಯರು ಮದುವೆಯ ಊಟದಲ್ಲಿ ಮೊದಲ ಪಂಕ್ತಿಯಲ್ಲಿರುತ್ತಾರೆ. ಎರಡು ವರ್ಷಕ್ಕೆ ಹುಡುಗಿ ಕಣ್ಣೀರಿಡುತ್ತ ತವರಿಗೆ ಬಂದರೆ ಅವಳ ಹಣೆಬರಹ ಎಂದುಬಿಡುತ್ತಾರೆ. ಸಾಲ ಮಾಡಿ ಕೊಳವೆಬಾವಿ ಕೊರೆಸು ಎಂದವರು ನೀರು ಬಾರದ ದಿನ ಆ ದಾರಿಯಲ್ಲಿ ಓಡಾಡುವುದಿಲ್ಲ. ಕೇಳಿ, ಪ್ರಾರ್ಥಿಸಿ, ಯೋಚಿಸಿ ಮಾಡಿದ ನಿರ್ಧಾರವೂ ತಪ್ಪಬಹುದು, ಮನುಷ್ಯರ ಲೋಕದಲ್ಲಿ ಅದು ಅನಿವಾರ್ಯ. ತಪ್ಪಿದ ದಿನ ಆ ಹುಡುಗಿಯ ಮನೆಗೆ, ಆ ರೈತನ ಮನೆಗೆ ಮೊದಲು ಹೋಗಬೇಕಾದವರು ಸಲಹೆ ಕೊಟ್ಟವರು. ಹೋಗಿ, ಈಗ ಮುಂದೇನು ಮಾಡೋಣ ಎಂದು ಜೊತೆಯಲ್ಲಿ ಕೂರಬೇಕಾದವರೂ ಅವರೇ.